ದೊಡ್ಡವ್ವನ ರಾಟಿ, ಇಂಗ್ಲಿಷಿನ ಬೈಗುಳ

ಮುಂಡರಗಿಯ ಕಾಲೇಜೊಂದರ ಸಭಾಂಗಣದಲ್ಲಿ, ಮೈಕಿನ ಮುಂದೆ ನಿಂತು, ನಾನು ‘ಸ್ಪಿನ್‌ಸ್ಟರ್’ ಎಂಬ ಪದವನ್ನು ಮೊದಲ ಸಲ ಬಳಸಿದೆ. ಬಳಸಿ ಗೆದ್ದೆ. ನನ್ನ ತಕರಾರು ಶುರುವಾಗುವುದು ಅಲ್ಲಿಂದಲೇ.

ಅದು ಇಂಗ್ಲಿಷ್ ಚರ್ಚಾಸ್ಪರ್ಧೆ. ‘ಮದುವೆಯೇ ಹೆಣ್ಣಿಗೆ ನಿಜವಾದ ಭದ್ರತೆ’ ಎಂಬುದು ವಿಷಯ. ಚೀಟಿ ಎತ್ತಿದಾಗ ನನಗೆ ಬಂದದ್ದು ‘ಪರ’. ನನ್ನ ಸ್ವಂತ ಅಭಿಪ್ರಾಯ ಪೂರ್ತಿ ‘ವಿರೋಧ’ದ್ದು. ಆದರೆ ಚರ್ಚೆಯಲ್ಲಿ ಪಳಗಿದವರಿಗೆ ಇದೇನು ದೊಡ್ಡ ಸಂಗತಿಯಲ್ಲ. ಕೈಗೆ ಬಂದ ಪಕ್ಷವನ್ನು ಎತ್ತಿಕೊಳ್ಳಬೇಕು, ಐದು ನಿಮಿಷ ಅದನ್ನು ನಂಬಿದವರ ಹಾಗೆ ನಿಲ್ಲಬೇಕು, ಗಂಟೆ ಬಾರಿಸಿದ ಮೇಲೆ ಇಳಿದು ಬಂದು ಚಹಾ ಕುಡಿಯಬೇಕು. ನನ್ನ ಹತ್ತಿರ ಪುರಾವೆ ಇರಲಿಲ್ಲ. ಪುರಾವೆ ಇಲ್ಲದಾಗ ನಾವೆಲ್ಲ ಮಾಡುವುದನ್ನೇ ಮಾಡಿದೆ, ಒಂದು ಚಿತ್ರ ಬಿಡಿಸಿದೆ: ತಮ್ಮನ ಮನೆಯ ಮೂಲೆಯಲ್ಲಿ ಕೂತ ಸ್ಪಿನ್‌ಸ್ಟರ್, ಅವಳಿಗೆ ತನ್ನದೆಂಬ ಕೆಲಸವಿಲ್ಲ, ತನ್ನದೆಂಬ ಮನೆಯಿಲ್ಲ, ಉಣ್ಣುವ ಅನ್ನ ಮತ್ತೊಬ್ಬರದು. ಇಂಥವಳಿಗೆ ಯಾವ ಭದ್ರತೆಯಿದೆ ಎಂದು ಎದುರಾಳಿಯೇ ಹೇಳಲಿ ಎಂದೆ. ಸಭೆ ಚಪ್ಪಾಳೆ ತಟ್ಟಿತು. ಮೊಣಕೈ ಉದ್ದದ ಬಹುಮಾನದ ಕಪ್ಪನ್ನು ಮಡಿಲಲ್ಲಿಟ್ಟುಕೊಂಡು ಗದಗಿನ ಬಸ್ಸು ಹತ್ತಿದೆ. ಡಂಬಳ ದಾಟುವ ಹೊತ್ತಿಗೆ ನನ್ನ ಭಾಷಣವನ್ನು ಮನಸ್ಸಿನಲ್ಲೇ ಎರಡು ಸಲ ಕೇಳಿ ಮುಗಿಸಿದ್ದೆ. ಮೂರನೆಯ ಸಲ ಕೇಳುವಾಗ ಆ ಮೂಲೆ ಯಾವುದೆಂದು ಗೊತ್ತಾಯಿತು.

ನಮ್ಮ ಊರು ಲಕ್ಷ್ಮೇಶ್ವರ. ಡಿಗ್ರಿ ಓದಲೆಂದು ಬೆಟಗೇರಿಯ ಸೋದರಮಾವನ ಮನೆಯಲ್ಲಿದ್ದೆ. ಮಾವ ಕೈಮಗ್ಗದಲ್ಲಿ ಸೀರೆ ನೇಯುವವನು. ಅತ್ತೆ ಅಂಗನವಾಡಿಯ ಕೆಲಸಕ್ಕೆ ಹೋಗುತ್ತಿದ್ದಳು. ಹಗಲೆಲ್ಲ ಮನೆಯಲ್ಲಿರುತ್ತಿದ್ದವರು ಇಬ್ಬರೇ: ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಮಾವ, ಅವನಿಂದ ಮೂರು ಮಾರು ದೂರದಲ್ಲಿ, ಕಿಟಕಿಯ ಬೆಳಕಿನಲ್ಲಿ, ರಾಟಿಯ ಮುಂದೆ ದೊಡ್ಡವ್ವ. ನನ್ನ ಅವ್ವನಿಗೂ ಮಾವನಿಗೂ ಅವಳು ಅಕ್ಕ. ಮದುವೆಯಾಗಿಲ್ಲ. ವಯಸ್ಸು ಅರವತ್ತರ ಹತ್ತಿರ.

ಅವಳ ಕೆಲಸ ಕಂಡಿಕೆ ಸುತ್ತುವುದು. ಲಡಿಯಾಗಿ, ಅಂದರೆ ದೊಡ್ಡ ಸುರುಳಿಯ ಕಟ್ಟಾಗಿ, ಬಂದ ನೂಲನ್ನು ಬೆರಳುದ್ದದ ಕೊಳವೆಗೆ ಬಿಗಿಯಾಗಿ, ಒಂದೇ ಹದದಲ್ಲಿ ಸುತ್ತಬೇಕು. ಆ ನೂಲು ತುಂಬಿದ ಕೊಳವೆಯೇ ಕಂಡಿಕೆ. ಅದನ್ನು ಲಾಳಿಯೊಳಗೆ ಕೂರಿಸಿದರೆ ಲಾಳಿ ಹಾಸಿನ ಉದ್ದೆಳೆಗಳ ನಡುವೆ ಆಚೆಗೊಮ್ಮೆ ಈಚೆಗೊಮ್ಮೆ ಓಡಿ ಬಟ್ಟೆಯಾಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ಕಂಡಿಕೆ ಖಾಲಿ. ಆಗ ಮಾವ ತಲೆಯೆತ್ತದೆ ಎಡಗೈಯನ್ನು ಪಕ್ಕದ ಬುಟ್ಟಿಗೆ ಇಳಿಸುತ್ತಾನೆ. ತುಂಬಿದ ಕಂಡಿಕೆ ಕೈಗೆ ಸಿಗುತ್ತದೆ. ಅಲ್ಲಿಯವರೆಗೆ ಮಾವ ಬುಟ್ಟಿಯ ಕಡೆ ನೋಡಿದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ನೋಡುವ ಅಗತ್ಯವೇ ಬೀಳದಂತೆ ದೊಡ್ಡವ್ವ ನಲವತ್ತು ವರ್ಷ ನಡೆಸಿಕೊಂಡು ಬಂದಿದ್ದಳು.

ಇಂಥವಳ ಮುಂದೆ ಕಪ್ಪು ಇಟ್ಟೆ.

“ಏನಂತ ಮಾತಾಡಿದಿ?” ಎಂದಳು, ರಾಟಿ ನಿಲ್ಲಿಸದೆ.

“ಮದುವಿ ಬಗ್ಗೆ.”

“ನಿನಗೇನ ಗೊತ್ತೈತಿ ಅದರದು?”

“ಗೊತ್ತಿಲ್ಲದ್ದು ಮಾತಾಡಿದ್ರ ಕಪ್ಪು ಕೊಡ್ತಾರ, ದೊಡ್ಡವ್ವಾ.”

ಮಾವ ಮಗ್ಗದಿಂದಲೇ, “ಅದನ್ನ ಮತ್ತ ಓದಿ ತೋರ್ಸು ನಿಮ್ಮ ದೊಡ್ಡವ್ವಗ. ಇಂಗ್ಲಿಷ್‌ನ್ಯಾಗ ನಮ್ಮನಿ ಮಾನ ಎಷ್ಟ ಹೋಗೇತಿ ನೋಡೂಣು,” ಎಂದ. ಅವನು ಚೇಷ್ಟೆ ಮಾಡಿದ್ದು. ನಾನು ಸುಳ್ಳು ಹೇಳಿ ದಾಟಬಹುದಿತ್ತು. ಆದರೆ ಭಾಷಣವನ್ನು ಕನ್ನಡಕ್ಕೆ ತಿರುಗಿಸುತ್ತ ಓದಿ ಹೇಳತೊಡಗಿದೆ. ಆ ಪದ ಬಂದಾಗ ದನಿ ತಗ್ಗಿತು.

“ಸ್ಪಿನ್‌ಸ್ಟರ್ ಅಂದ್ರ?”

“ಮದುವಿ ಆಗಲಾರದಾಕಿ.”

“ಅಂದ್ರ ನಾ.” ರಾಟಿ ತಿರುಗುತ್ತಲೇ ಇತ್ತು. “ಗಂಡಸರಿಗೂ ಒಂದು ಮಾಡ್ಯಾರೇನ, ಶಬ್ದ?”

“ಬ್ಯಾಚುಲರ್.”

“ಅದು ಗೊತ್ತೈತಿ. ಬಾಡಿಗಿ ಮನಿ ಕೊಡೂದಿಲ್ಲಂತ ಬೋರ್ಡ್ ಹಾಕಿರ್ತಾರಲ್ಲ, ಅವರು.”

ಮಾವ ನಕ್ಕ. ನಾನೂ ನಕ್ಕೆ. ದೊಡ್ಡವ್ವ ತುಂಬಿದ ಕಂಡಿಕೆಯನ್ನು ಕಳಚಿ ಬುಟ್ಟಿಗೆ ಹಾಕಿದಳು. “ಮೂಲ್ಯಾಗ ಕುಂತು ಮತ್ತೊಬ್ಬರದು ಉಣ್ಣಾಕಿ ಅಂದಿಯಲ್ಲ,” ಎಂದಳು. “ಅದನ್ನ ನೀ ಹೊಸದಾಗಿ ಏನ ಹೇಳ್ಲಿಲ್ಲ ಬಿಡು. ಆ ಪೆಟಗ್ಯಾಗ ಒಂದ ಕಾಗದ ಐತಿ, ತಗಿ.”

ತಗಡಿನ ಪೆಟ್ಟಿಗೆಯಲ್ಲಿ, ರೇಷನ್ ಕಾರ್ಡಿನ ಕೆಳಗೆ, ನಾಲ್ಕು ಮಡಿಕೆಯ ಒಂದು ಹಾಳೆಯಿತ್ತು. ಬಹಳ ವರ್ಷಗಳ ಹಿಂದೆ ನೇಕಾರರ ಎಣಿಕೆಗೆ ಬಂದವರು ಬರೆದುಕೊಂಡು ಹೋದದ್ದರ ಝೆರಾಕ್ಸ್ ಪ್ರತಿ. ಮನೆಯವರ ಹೆಸರುಗಳು ಸಾಲಾಗಿದ್ದವು. ಮಾವನ ಮುಂದೆ ‘ನೇಕಾರ’. ದೊಡ್ಡವ್ವನ ಹೆಸರಿನ ಮುಂದೆ ಕೆಲಸದ ಕಾಲಮಿನಲ್ಲಿ ‘ಇಲ್ಲ’. ಅದರ ಮುಂದಿನ ಕಾಲಮಿನಲ್ಲಿ ‘ಅವಲಂಬಿತೆ’.

“ಆವಾಗ ನಾನೂ ಓದ್ಕೊಂಡೆ. ಅಕ್ಷರ ಕೂಡಿದ್ವು, ಅರ್ಥ ಆಗ್ಲಿಲ್ಲ. ನಿಮ್ಮವ್ವ ಹೇಳಿದ್ಲು, ಇನ್ನೊಬ್ಬರ ಮ್ಯಾಲೆ ಬಿದ್ದಾಕಿ ಅಂತ.” ಹೊಸ ಕೊಳವೆಯನ್ನು ರಾಟಿಗೆ ಸಿಕ್ಕಿಸಿದಳು. “ಮತ್ತ ಬರ್ತಾರಂತ ಈ ಸಲ, ಬರ್ಕೊಳ್ಳಾಕ. ಆ ಶಬ್ದ ಒಂದ ತಗದ ಹಾಕ್ಬೇಕು ನೋಡವಾ. ನೇಕಾರ್ರ ಕಾರ್ಡ್ ಕೊಡ್ಲಿ, ಬಿಡ್ಲಿ. ಸಾಯೂದ್ರಾಗ ಅದೊಂದ ತಗೀಬೇಕು.”

ನನಗೆ ಕಪ್ಪು ತಂದುಕೊಟ್ಟ ಮಾತಿಗೂ ಆ ಹಾಳೆಗೂ ಯಾವ ವ್ಯತ್ಯಾಸವೂ ಇರಲಿಲ್ಲ. ಹಾಳೆ ಬರೆದವರಿಗಾದರೂ ಒಂದು ನೆಪವಿದೆ, ಅವರು ಅವಳನ್ನು ನೋಡಿದ್ದು ಹತ್ತು ನಿಮಿಷ. ನಾನು ಮೂರು ವರ್ಷ ನೋಡಿದ್ದೆ. ಆ ಶಬ್ದ ತೆಗೆಸಿಯೇ ತೀರುತ್ತೇನೆ ಎಂದು ಅಂದೇ ನಿರ್ಧರಿಸಿದೆ. ನನ್ನ ಹತ್ತಿರ ಇದ್ದ ಆಯುಧ ಒಂದೇ, ವಾದ. ವಾದಕ್ಕೆ ಪುರಾವೆ ಬೇಕು. ಈ ಸಲ ಚಿತ್ರ ಬಿಡಿಸುವುದಿಲ್ಲ ಎಂದುಕೊಂಡು ಮರುದಿನ ಕಾಲೇಜಿನ ಗ್ರಂಥಾಲಯಕ್ಕೆ ಹೋದೆ.

ಅಲ್ಲಿ ಇಟ್ಟಿಗೆ ದಪ್ಪದ ಹಳೆಯ ಇಂಗ್ಲಿಷ್ ನಿಘಂಟು ಇತ್ತು. ಆ ಪದದ ಅರ್ಥಗಳನ್ನು ಈಗಿನದರಿಂದ ಹಿಂದಕ್ಕೆ ಹುಡುಕಿಕೊಂಡು ಹೋದೆ. ಈಗಿನ ಅರ್ಥ: ಮದುವೆಯಾಗದ ಹೆಂಗಸು, ಅದರಲ್ಲೂ ಮದುವೆಯ ವಯಸ್ಸು ಮೀರಿದಳೆಂದು ಜನ ಅಂದುಕೊಳ್ಳುವವಳು. ಅದಕ್ಕಿಂತ ಹಿಂದೆ: ಕಾಗದಪತ್ರಗಳಲ್ಲಿ ಮದುವೆಯಾಗದವಳ ಹೆಸರಿನ ಮುಂದೆ ಬರೆಯುತ್ತಿದ್ದ ಕಾನೂನಿನ ಗುರುತು. ಅದಕ್ಕಿಂತಲೂ ಹಿಂದೆ, ಎಲ್ಲಕ್ಕೂ ಮೊದಲು: ನೂಲುವವಳು. ನೂಲು ತೆಗೆದು ಬದುಕುವವಳು. ಪದದ ಮೊದಲರ್ಧ ‘ಸ್ಪಿನ್’ ನೂಲುವ ಕ್ರಿಯೆ, ಎರಡನೆಯರ್ಧ ‘ಸ್ಟರ್’ ಹಳೆಯ ಇಂಗ್ಲಿಷಿನಲ್ಲಿ ಕಸುಬಿನ ಹೆಂಗಸರಿಗೆ ಹಚ್ಚುತ್ತಿದ್ದ ಬಾಲ.

ಖುಷಿಯಾಯಿತು. ಖುಷಿಯಾದಾಗಲೇ ಅನುಮಾನ ಪಡಬೇಕೆಂದು ನನಗೆ ಕಲಿಸಿದ್ದಾರೆ. ಕೇಳುವುದಕ್ಕೆ ಚೆಂದವಿರುವ ಪದಮೂಲಗಳಲ್ಲಿ ಎಷ್ಟೋ ಯಾರೋ ಆಮೇಲೆ ಕೂತು ಕಟ್ಟಿದ ಕಥೆಗಳು. ಇನ್ನೊಂದು ನಿಘಂಟು ತೆಗೆದೆ. ಅದೂ ಅದನ್ನೇ ಹೇಳಿತು. ಒಂದನ್ನು ನೋಡಿ ಇನ್ನೊಂದು ಬರೆದಿರಬಹುದಲ್ಲ ಎಂದು ಇಂಗ್ಲಿಷ್ ಮೇಡಂ ಹತ್ತಿರ ಹೋದೆ.

“ನಿನಗ ಡಿಕ್ಷನರಿ ಮ್ಯಾಲೂ ನಂಬಿಕಿ ಇಲ್ಲೇನು?” ಎಂದರು ಅವರು.

“ಕಸುಬಿಂದು ಅಂತ ಒಪ್ತೀನ್ರಿ ಮೇಡಂ. ಆದ್ರ ಮದುವಿ ಆದವರೂ ನೂಲ್ತಿದ್ರಲ್ರಿ? ಮತ್ತ ಮದುವಿ ಆಗಲಾರದವರಿಗೆ ಮಾತ್ರ ಯಾಕ ಹತ್ತಿತು ಈ ಹೆಸರು?”

ಮೇಡಂ ಕನ್ನಡಕ ತೆಗೆದರು. ಮದುವೆಯಾದವಳನ್ನು ಕಾಗದದಲ್ಲಿ ಗಂಡನ ಹೆಸರಿನಿಂದ ಗುರುತಿಸುತ್ತಿದ್ದರು, ಆಗದವಳಿಗೆ ಗುರುತು ಬೇಕಾದಾಗ ಅವಳ ಕೆಲಸವೇ ಗುರುತಾಯಿತು ಎಂದು ಕೆಲವರು ಹೇಳುತ್ತಾರೆ ಎಂದರು. “ಕೆಲವರು ಹೇಳ್ತಾರ ಅಂದೆ. ಖರೆ ಅಂತ ನಾ ಹೇಳ್ಲಿಲ್ಲ. ನಾಳೆ ಸ್ಟೇಜ್ ಮ್ಯಾಲೆ ನನ್ನ ಹೆಸರು ಹೇಳಬ್ಯಾಡ.”

ಅದನ್ನು ಇಂದಿಗೂ ಊಹೆ ಎಂದೇ ಇಟ್ಟುಕೊಂಡಿದ್ದೇನೆ. ಆದರೆ ಊಹೆಯಲ್ಲದ ಒಂದು ಸಂಗತಿ ನನ್ನನ್ನು ಹೆಚ್ಚು ಕೆಣಕಿತು. ಅದೇ ಬಾಲ ಹಚ್ಚಿಕೊಂಡ, ನೇಯುವ ಹೆಂಗಸಿನ ಪದವೂ ಇಂಗ್ಲಿಷಿನಲ್ಲಿತ್ತು. ಅದು ಕಾಲಕ್ರಮದಲ್ಲಿ ಮನೆತನದ ಹೆಸರಾಗಿ, ಗಂಡಸರು ಕೂಡ ಎದೆಯುಬ್ಬಿಸಿ ಹೇಳಿಕೊಳ್ಳುವ ಅಡ್ಡಹೆಸರಾಗಿ ಉಳಿಯಿತು. ಬ್ಯಾಚುಲರ್ ಎಂಬುದು ಡಿಗ್ರಿಯ ಹೆಸರಾಯಿತು, ನಾನೇ ಅದಕ್ಕಾಗಿ ಓದುತ್ತಿದ್ದೆ. ನೂಲುವವಳ ಪದ ಮಾತ್ರ ಬೈಗುಳವಾಯಿತು. ಮೊದಲು ಅದರಿಂದ ನೂಲು ಹೋಯಿತು, ಆಮೇಲೆ ಕೂಲಿ ಹೋಯಿತು, ಕೊನೆಗೆ ಮೂಲೆಯಲ್ಲಿ ಕೂತ ಹೆಂಗಸು ಉಳಿದಳು. ಕೆಲಸ ಪದದೊಳಗೇ ಇದೆ, ಆದರೆ ಹೇಳುವವರಿಗೂ ಕೇಳುವವರಿಗೂ ಕಾಣುವುದಿಲ್ಲ.

ನನ್ನ ವಾದದಲ್ಲಿದ್ದ ತೂತನ್ನೂ ಇಲ್ಲೇ ಹೇಳಿಬಿಡುತ್ತೇನೆ, ಎದುರಾಳಿ ಹೇಳುವುದಕ್ಕಿಂತ ಮೊದಲು. ದೊಡ್ಡವ್ವ ನೂಲುವುದಿಲ್ಲ. ನೂಲು ಗಿರಣಿಯಿಂದ ಬರುತ್ತದೆ, ಅವಳು ಸುತ್ತುತ್ತಾಳೆ. ಕಟ್ಟುನಿಟ್ಟಾಗಿ ನೋಡಿದರೆ ಆ ಪದದ ಮೊದಲ ಅರ್ಥ ಅವಳಿಗೆ ಹೊಂದುವುದಿಲ್ಲ, ಕೊನೆಯ ಅರ್ಥವಷ್ಟೇ ಹೊಂದುತ್ತದೆ. ಇರಲಿ. ನನಗೆ ಬೇಕಾಗಿದ್ದದ್ದು ಪದ ಅವಳ ಅಳತೆಗೆ ಹೊಲಿದ ಹಾಗಿರುವುದಲ್ಲ. ಕಣ್ಣ ಮುಂದಿನ ಕೆಲಸ ಹೇಗೆ ಕಾಣೆಯಾಗುತ್ತದೆ ಎಂಬ ದಾರಿ ತಿಳಿಯಬೇಕಿತ್ತು.

ಆ ದಾರಿ ಬೆಟಗೇರಿಯಲ್ಲೂ ಇತ್ತು. ಎಣಿಕೆಯ ನಮೂನೆಯನ್ನು ಒಬ್ಬರ ಮೊಬೈಲಿನಲ್ಲಿ ತರಿಸಿ ಓದಿದಾಗ ನನಗೆ ಆಶ್ಚರ್ಯವಾಯಿತು. ನೇಯುವವರಿಗೆ ಒಂದು ಕಾಲಮು, ನೇಯ್ಗೆಗೆ ಮುಂಚಿನ ಕೆಲಸ ಮಾಡುವವರಿಗೆ ಇನ್ನೊಂದು. ಕಂಡಿಕೆ ಸುತ್ತುವುದು ಎರಡನೆಯದರಲ್ಲಿ ಅಕ್ಷರಶಃ ಇತ್ತು. ಅಂದರೆ ಜಾಗವಿತ್ತು, ತುಂಬಿರಲಿಲ್ಲ. ಯಾಕೆಂದರೆ ನಮ್ಮ ಓಣಿಯಲ್ಲಿ ರೂಢಿಯೇ ಹಾಗೆ: ಬಾಗಿಲಿಗೆ ಯಾರಾದರೂ ಬಂದು ‘ಯಾರು ಮಾಡ್ತೀರಿ ನೇಯ್ಗಿ’ ಎಂದರೆ ಒಂದು ಮಗ್ಗ, ಒಂದು ಹೆಸರು. ಕುಣಿಯಲ್ಲಿ ಕೂತವನ ಹೆಸರು. ಉಳಿದವರು ‘ಸುಮ್ನ ಮನ್ಯಾಗ ಇರ್ತಾರ’.

“ಆವಾಗ ನೀ ಏನ ಹೇಳಿದ್ದಿ ಅವರಿಗೆ?” ಎಂದು ದೊಡ್ಡವ್ವನನ್ನು ಕೇಳಿದೆ.

“ಏನ ಹೇಳ್ತಾರ? ಏನ ಮಾಡ್ತೀರಿ ಅಂದ್ರು. ಸುಮ್ನ ಮನ್ಯಾಗ ಇರ್ತೀನ್ರಿ ಅಂದೆ.”

“ಆವಾಗ ನಿನ್ನ ಕೈಯಾಗ ಏನಿತ್ತು?”

ಅವಳು ತನ್ನ ಕೈ ನೋಡಿಕೊಂಡಳು. “ಕಂಡಿಕಿ.”

ಆ ಇಡೀ ವಾರ ಅವಳಿಗೆ ತಾಲೀಮು ಕೊಟ್ಟೆ. ಕಾಲೇಜಿನಿಂದ ಬಂದವಳೇ ಬಾಗಿಲಲ್ಲಿ ನಿಂತು ಗಡಸು ದನಿಯಲ್ಲಿ, “ನೀವೇನ ಮಾಡ್ತೀರಿ ಅವ್ವಾರ?” ಎನ್ನುತ್ತಿದ್ದೆ. “ಕಂಡಿಕಿ ಸುತ್ತಾಕೀರಿ ನಾ,” ಎಂದು ಅವಳು ಹೇಳಬೇಕು. ಮೊದಲೆರಡು ದಿನ ನಗು. ಮೂರನೆಯ ದಿನ, “ಕೈ ತೊಳ್ಕೊಂಡು ಒಳಗ ಬಾ, ಹುಚ್ಚಿ,” ಎಂದಳು. ನಾಲ್ಕನೆಯ ದಿನದಿಂದ ಸರಿಯಾಗಿ ಹೇಳಿದಳು.

ಆ ತಾಲೀಮಿನ ನಡುವೆಯೇ ಒಮ್ಮೆ ಮದುವೆಯ ಮಾತು ಬಂತು. ಶಿರಹಟ್ಟಿ ಕಡೆಯಿಂದ ಒಂದು ಸಂಬಂಧ ಬಂದಿತ್ತಂತೆ. “ಅವರ ಮನ್ಯಾಗ ಮಗ್ಗ ಇರ್ಲಿಲ್ಲ. ಕೈ ಖಾಲಿ ಇಟ್ಕೊಂಡು ಏನ ಮಾಡ್ಲಿ ಅಲ್ಲಿ? ನಾನ ಒಲ್ಲೆ ಅಂದೆ,” ಎಂದಳು. ಲಕ್ಷ್ಮೇಶ್ವರದಲ್ಲಿ ಅವ್ವನನ್ನು ಕೇಳಿದರೆ ಬೇರೆ ಕಥೆ: ಆಗಷ್ಟೇ ಅಜ್ಜ ತೀರಿಕೊಂಡಿದ್ದ, ಮಾವ ಮಗ್ಗಕ್ಕೆ ಹೊಸಬ, ಅಕ್ಕ ಹೋದರೆ ಮಗ್ಗ ನಿಲ್ಲುತ್ತದೆಂದು ಮನೆಯವರೇ ಆ ಮಾತನ್ನು ಮುಂದಕ್ಕೆ ಒಯ್ಯಲಿಲ್ಲ. ಯಾವುದು ನಿಜವೆಂದು ತೀರ್ಮಾನಿಸುವ ಪುರಾವೆ ನನ್ನಲ್ಲಿಲ್ಲ. ಎರಡರಲ್ಲೂ ಮಗ್ಗವಿದೆ, ಅದನ್ನಷ್ಟೇ ಗುರುತು ಹಾಕಿಕೊಂಡೆ.

ಎಣಿಕೆಯವರು ಬರುವ ದಿನ ದೊಡ್ಡವ್ವ ಬೆಳಿಗ್ಗೆಯೇ ಜಳಕ ಮಾಡಿ, ಇಳಕಲ್ ಸೀರೆ ಉಟ್ಟು, ಕಟ್ಟೆಯ ಮೇಲೆ ಕೂತಳು. ನಾನು ಕಾಲೇಜಿಗೆ ಹೋಗಲಿಲ್ಲ. ಹನ್ನೊಂದರ ಹೊತ್ತಿಗೆ ಒಬ್ಬ ಬಂದ. ಕುರ್ತಕೋಟಿಯವನಂತೆ, ಮೂವತ್ತೈದರ ಆಸುಪಾಸು, ಕೈಯಲ್ಲಿ ಟ್ಯಾಬು, ಬೆಳಗಿನಿಂದ ಹತ್ತಾರು ಮನೆ ಮುಗಿಸಿ ದಣಿದಿದ್ದ. ನೀರು ಕೊಟ್ಟೆವು.

“ಮಗ್ಗ ಎಷ್ಟ್ರಿ?”

“ಒಂದ್ರಿ,” ಎಂದ ಮಾವ.

“ನೇಯಾವರು?”

“ನಾನ್ರಿ.” ಮಾವ ಅಷ್ಟೇ ಹೇಳಿದ. ಕೆಟ್ಟ ಮನಸ್ಸಿನಿಂದಲ್ಲ. ನಲವತ್ತು ವರ್ಷ ಹೇಳಿದ್ದನ್ನೇ ಹೇಳಿದ.

ನಾನು ನಡುವೆ ಬಾಯಿ ಹಾಕಿದೆ. “ಸರ, ಇನ್ನೊಬ್ಬರು ಅದಾರ್ರಿ. ಬರ್ಕೋಬೇಕು.”

ಅವನು ದೊಡ್ಡವ್ವನ ಕಡೆ ತಿರುಗಿದ. “ನೀವೇನ ಮಾಡ್ತೀರಿ ಅವ್ವಾರ?”

ತಾಲೀಮಿನಲ್ಲಿ ನಾನು ಕೇಳುತ್ತಿದ್ದ ಮಾತೇ ಅದು, ಒಂದಕ್ಷರ ಆಚೀಚೆ ಇಲ್ಲ. ದೊಡ್ಡವ್ವ ಸೆರಗು ಸರಿ ಮಾಡಿಕೊಂಡು, “ನಾ ಏನ ಮಾಡ್ಲಿರಿ, ಸುಮ್ನ ಮನ್ಯಾಗ ಇರ್ತೀನ್ರಿ,” ಎಂದಳು.

ಹೇಳಿದ ಮರುಕ್ಷಣ ಅವಳ ಮುಖ ನೋಡಿದೆ. ಅವಳಿಗೂ ಗೊತ್ತಾಗಿತ್ತು. ಬಾಯಿ ತನ್ನಷ್ಟಕ್ಕೆ ಹೇಳಿಬಿಟ್ಟಿತ್ತು.

ಆಮೇಲೆ ನಾನು ಮಾಡಿದ್ದು ಭಾಷಣ. ಈಗ ನೆನೆದರೆ ನಾಚಿಕೆಯಾಗುತ್ತದೆ. ನಮೂನೆಯ ಎರಡನೆಯ ಕಾಲಮು ತೋರಿಸಿದೆ. ನೇಯ್ಗೆ ಎಂದರೆ ಏನು ಎಂದು ವ್ಯಾಖ್ಯಾನ ಕೊಟ್ಟೆ. ಹಾಸು ಎಷ್ಟು ಮುಖ್ಯವೋ ಕಂಡಿಕೆಯ ಅಡ್ಡೆಳೆ, ಅಂದರೆ ಹೊಕ್ಕೂ ಅಷ್ಟೇ ಎಂದೆ. ಇಂಗ್ಲೆಂಡಿನವರು ಹೆಂಗಸಿನ ಕಸುಬನ್ನು ಹೇಗೆ ಬೈಗುಳ ಮಾಡಿದರು ಎಂಬುದನ್ನೂ ಬಿಡಲಿಲ್ಲ. ಅವನು ಟ್ಯಾಬಿನ ಮೇಲೆ ಬೆರಳಿಟ್ಟುಕೊಂಡು ಪೂರ್ತಿ ಕೇಳಿದ.

“ಅಕ್ಕಾರ, ನೀವು ಹೇಳೂದು ಬರೋಬ್ಬರಿ ಇರಬಹುದು. ಆದ್ರ ನಾ ಅವರು ಹೇಳಿದ್ದ ಬರ್ಕೋಬೇಕು. ನೀವು ಹೇಳಿದ್ದಲ್ಲ. ಅವರ ಬಾಯಿಂದ ಸುಮ್ನ ಇರ್ತೀನಿ ಅಂತ ಬಂತು. ಮನ್ಯಾಗಿನ ಹೆಣ್ಮಕ್ಕಳು ಒಂದೀಟು ಕೈ ಹಚ್ಚಿರ್ತಾರ, ಅದನ್ನೆಲ್ಲ ಕೆಲಸ ಅಂತ ಬರದ್ರ ನನಗ ಕೇಳ್ತಾರ.”

ಚರ್ಚೆಯ ನಿಯಮದ ಪ್ರಕಾರ ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಸಾಕ್ಷಿಯೇ ತಿರುಗಿ ನುಡಿದ ಮೇಲೆ ವಕೀಲ ಏನು ಮಾಡಬೇಕು? ಅಷ್ಟರಲ್ಲಿ ಅವನು ಎದ್ದು, “ಮಗ್ಗ ನಡಿಯೂದರ ಫೋಟೋ ಬೇಕ್ರಿ. ಸ್ವಲ್ಪ ನೇದು ತೋರಸ್ರಿ,” ಎಂದು ಒಳಗೆ ನಡೆದ. ಮಾವ ಕುಣಿಗೆ ಇಳಿದ. ನಾವಿಬ್ಬರೂ ಹಿಂದೆ ಹೋದೆವು. ದೊಡ್ಡವ್ವ ರಾಟಿಯ ಪಕ್ಕದ ಮಣೆಯ ಮೇಲೆ ಕೂತಳು, ಕೈ ಕಟ್ಟಿಕೊಂಡು.

ಲಾಳಿ ಓಡತೊಡಗಿತು. ಅವನು ಟ್ಯಾಬು ಎತ್ತಿ ಹಿಡಿದ, ಬೆಳಕಿಗೆ ಎದುರಾಯಿತೆಂದು ಆ ಕಡೆ ಹೋದ, ಮತ್ತೆ ಹಿಡಿದ. ಅಷ್ಟರಲ್ಲಿ ಲಾಳಿಯಲ್ಲಿದ್ದ ನೂಲು ಮುಗಿಯಿತು. ಮಾವ ತಲೆಯೆತ್ತದೆ ಎಡಗೈಯನ್ನು ಬುಟ್ಟಿಗೆ ಇಳಿಸಿದ.

ಕೈ ಬುಟ್ಟಿಯ ತಳ ಮುಟ್ಟಿತು. ಅಲ್ಲಿ ಆ ಕಡೆ ಈ ಕಡೆ ತಡಕಾಡಿತು. ಮಾವ ತಿರುಗಿ ಬುಟ್ಟಿ ನೋಡಿದ. ನಾನು ಕಂಡ ಹಾಗೆ ಮೊದಲ ಸಲ. ಬೆಳಗಿನಿಂದ ದೊಡ್ಡವ್ವ ಕಟ್ಟೆಯ ಮೇಲೆ ಕೂತಿದ್ದಳಲ್ಲ, ಹಿಂದಿನ ದಿನ ಸುತ್ತಿಟ್ಟದ್ದೆಲ್ಲ ಮುಗಿದಿತ್ತು.

ಮಗ್ಗ ನಿಂತಿತು. ಆ ಮನೆಯಲ್ಲಿ ಹಗಲು ಹೊತ್ತಿನಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಕೇಳಿರಲಿಲ್ಲ.

ದೊಡ್ಡವ್ವನ ಮೊಣಕಾಲು ನೆಲ ಬಿಟ್ಟದ್ದು ನನಗೆ ಕಂಡಿತು. ರೂಢಿ ಅವಳನ್ನು ಎಬ್ಬಿಸುತ್ತಿತ್ತು. ರಾಟಿಗೆ ಕೈ ಹಾಕಿದ್ದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಒಂದು ಕಂಡಿಕೆ ಸಿದ್ಧವಾಗುತ್ತಿತ್ತು, ಫೋಟೋ ಆಗುತ್ತಿತ್ತು, ಅವನು ಹೋಗುತ್ತಿದ್ದ, ಹಾಳೆಯ ಮೇಲೆ ಹಳೆಯ ಶಬ್ದವೇ ಉಳಿಯುತ್ತಿತ್ತು. ಅರ್ಧ ಎದ್ದವಳು ತಮ್ಮನ ಖಾಲಿ ಕೈಯನ್ನು ನೋಡಿದಳು. ಮತ್ತೆ ಕೂತಳು. ಕೈಯನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಕೊಂಡಳು. ನಾನು ಬಾಯಿ ತೆರೆದೆ. ಅವಳು ಕಣ್ಣಿನಲ್ಲೇ ನನ್ನನ್ನು ಸುಮ್ಮನಿರಿಸಿದಳು.

“ಯಾಕ ನಿಂತ್ರಿ?” ಎಂದ ಎಣಿಕೆಯವನು.

“ಕಂಡಿಕಿ ಇಲ್ರಿ,” ಎಂದ ಮಾವ.

“ಸುತ್ಕೋರಿ ಮತ್ತ.”

ಮಾವ ರಾಟಿಯ ಕಡೆ ನೋಡಿದ. ಅವನಿಗೆ ಸುತ್ತಲು ಬರುವುದಿಲ್ಲವೆಂದಲ್ಲ. ಎಂದೋ ಕಲಿತಿದ್ದ. ಆದರೆ ಅವನು ಸುತ್ತಿದರೆ ನೇಯುವವರು ಯಾರು? ಆ ಲೆಕ್ಕ ಅವನ ಮುಖದ ಮೇಲೆ ನಿಧಾನವಾಗಿ ನಡೆಯಿತು. “ಅಕ್ಕ ಸುತ್ತತಾಳ್ರಿ,” ಎಂದ ಕಡೆಗೆ. “ದಿನಾ ಆಕಿನ ಸುತ್ತೂದು. ಅಪ್ಪ ಹೋದಾಗಿಂದ. ಆಕಿ ಸುತ್ತಲಿಲ್ಲಂದ್ರ ನಾ ನೇಯಾಕ ಆಗೂದಿಲ್ರಿ.”

“ಮತ್ತ ಅವ್ವಾರ ಸುಮ್ನ ಇರ್ತೀನಿ ಅಂದ್ರಲ್ರಿ?”

“ಇವತ್ತ ಸುಮ್ನ ಅದೀನ್ರಿ,” ಎಂದಳು ದೊಡ್ಡವ್ವ. “ನೋಡ್ರಿ, ಹೆಂಗ ಇರತೈತಿ ಅಂತ.”

ಅವನು ನೆಲದ ಮೇಲೇ ಕೂತು, ಟ್ಯಾಬಿನಲ್ಲಿ ಹಿಂದಕ್ಕೆ ಹೋಗಿ, “ಬಾಯಿಲೆ ಹೇಳ್ರಿ ಅವ್ವಾರ. ಏನ ಮಾಡ್ತೀರಿ?” ಎಂದ.

“ಕಂಡಿಕಿ ಸುತ್ತಾಕೀರಿ ನಾ.”

“ಎಷ್ಟ ವರ್ಷಾತ್ರಿ?”

“ನಲವತ್ತರ ಮ್ಯಾಲೆ.”

“ಮದುವಿ?” ಇದನ್ನು ಕೇಳುವಾಗ ಅವನ ದನಿ ತಗ್ಗಿತು, ಮುಂಡರಗಿಯ ಭಾಷಣ ಓದುವಾಗ ನನ್ನದು ತಗ್ಗಿದ ಹಾಗೆಯೇ.

“ಆಗಿಲ್ಲ. ಬರ್ಕೋರಿ. ಅದನ್ನೇನ ಮುಚ್ಚಿಡೂದೈತಿ?”

ಅವನು ಬರೆದುಕೊಂಡದ್ದನ್ನು ಜೋರಾಗಿ ಓದಲು ಹೇಳಿದೆ. ಓದಿದ. ಆ ಹಳೆಯ ಶಬ್ದ ಎಲ್ಲೂ ಬರಲಿಲ್ಲ. ಎರಡನೆಯ ಸಲವೂ ಓದಿಸಿದೆ. ದೊಡ್ಡವ್ವ ಆಗ ಎದ್ದು, ರಾಟಿಗೆ ಕೊಳವೆ ಸಿಕ್ಕಿಸಿ, ಒಂದು ಕಂಡಿಕೆ ಸುತ್ತಿ ಬುಟ್ಟಿಗೆ ಹಾಕಿದಳು. ಫೋಟೋ ತೆಗೆಯುವಾಗ ಎಣಿಕೆಯವನು ಎರಡು ಹೆಜ್ಜೆ ಹಿಂದೆ ಸರಿದು ರಾಟಿಯನ್ನೂ ಒಳಗೆ ಸೇರಿಸಿಕೊಂಡ.

ಅವನು ಹೋದ ಮೇಲೆ ಆ ಇಂಗ್ಲಿಷ್ ಪದದ ಪೂರ್ತಿ ಕಥೆಯನ್ನು ಅವಳಿಗೆ ಹೇಳಿದೆ: ಮೊದಲು ನೂಲುವವಳು, ಆಮೇಲೆ ಕಾಗದದ ಗುರುತು, ಆಮೇಲೆ ಬೈಗುಳ. ನಾನು ಆ ವಾರವೆಲ್ಲ ಓದಿದ್ದನ್ನು ಅವಳು ರಾಟಿಯ ಸದ್ದಿನ ನಡುವೆ ಕೇಳಿಸಿಕೊಂಡಳು.

“ಅಂದ್ರ ಆ ಹೆಣ್ಮಗಳೂ ಯಾರೋ ಬಾಗಲಕ್ಕ ಬಂದು ಕೇಳಿದಾಗ ಸುಮ್ನ ಇರ್ತೀನಿ ಅಂದಿರಬೇಕು,” ಎಂದಳು.

ಯಾವ ನಿಘಂಟಿನಲ್ಲೂ ಇದು ಇಲ್ಲ. ಇದಕ್ಕೆ ಪುರಾವೆ ಕೊಡಲು ನನ್ನಿಂದಾಗದು, ಆದ್ದರಿಂದ ವೇದಿಕೆಯ ಮೇಲೆ ಬಳಸುವುದೂ ಇಲ್ಲ. ಆದರೆ ಈ ಪದದ ಬಗ್ಗೆ ನಾನು ಕೇಳಿದ ಊಹೆಗಳಲ್ಲಿ ನನ್ನನ್ನು ನಿಲ್ಲಿಸಿದ್ದು ಇದೊಂದೇ.

ಕೆಲವು ತಿಂಗಳ ಮೇಲೆ ದೊಡ್ಡವ್ವನ ಹೆಸರಿಗೆ ನೇಕಾರರ ಕಾರ್ಡು ಬಂತು. ಅದರಿಂದ ಏನೇನು ಸಿಗುತ್ತದೆ ಎಂಬುದರ ಬಗ್ಗೆ ಓಣಿಯಲ್ಲಿ ಹತ್ತು ಮಾತಿದ್ದವು, ಅವುಗಳಲ್ಲಿ ಎಷ್ಟು ಖರೆ ಎಂದು ನಾನಿನ್ನೂ ವಿಚಾರಿಸುತ್ತಲೇ ಇದ್ದೇನೆ. ದೊಡ್ಡವ್ವ ಅದನ್ನು ಅಕ್ಷರ ಕೂಡಿಸಿ ಓದಿಕೊಂಡಳು. ಪೆಟ್ಟಿಗೆ ತೆಗೆಸಿ, ಹಳೆಯ ಝೆರಾಕ್ಸ್ ಹಾಳೆಯನ್ನು ಹೊರಗೆ ತೆಗೆದು, ಅದನ್ನು ಉದ್ದಕ್ಕೆ ಹರಿದು, ಸುರುಳಿ ಮಾಡಿ, ರಾಟಿಯಲ್ಲಿ ಸಡಿಲವಾಗಿದ್ದ ಕೊಳವೆಯ ಒಳಗೆ ಬಿಗಿಯಾಗಿ ತುರುಕಿದಳು. ಕೊಳವೆ ಅಲುಗಾಡುವುದು ನಿಂತಿತು.

“ಆತು,” ಎಂದಳು. “ಲಡಿ ಕೊಡಿಲ್ಲೆ. ನಿಮ್ಮ ಮಾವ ಕೈ ಚಾಚ್ಯಾನ.”